ಗುಂಡಿ ಒತ್ತುವ ಮೊದಲೇ: ವಕೀಲರ ಸಂಸ್ಥೆಯೊಂದರ ಜಾಲತಾಣದಲ್ಲಿ ಕುಕಿಗಳನ್ನು ಸರಿಪಡಿಸಿದ ಅನುಭವ

ವಕೀಲರ ಸಂಸ್ಥೆಯೊಂದರ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ನನ್ನದು. ಒಂದು ಬೆಳಿಗ್ಗೆ ಸಂಸ್ಥೆಯ ಹಿರಿಯ ವಕೀಲರು, ವಿಚಾರಣೆಗೆಂದು ಮೀಸಲಿಟ್ಟ ಇಮೇಲ್ ವಿಳಾಸಕ್ಕೆ ಬಂದಿದ್ದ ಪತ್ರವೊಂದನ್ನು ನನಗೆ ಕಳುಹಿಸಿ, "ಇದಕ್ಕೆ ನಾನು ಉತ್ತರ ಬರೆಯಬೇಕು. ಅದಕ್ಕೂ ಮೊದಲು ಇವರು ಹೇಳುತ್ತಿರುವುದು ನಿಜವೇ ಎಂದು ನೋಡಿ ತಿಳಿಸಿ" ಎಂದು ಮೇಲೆ ಎರಡು ಸಾಲು ಸೇರಿಸಿದ್ದರು. ಪತ್ರ ಬರೆದಿದ್ದ ಮಹಿಳೆ ನಮ್ಮ ಕಕ್ಷಿದಾರರಾಗಿರಲಿಲ್ಲ. ಮನೆಯವರೆಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ಅವರು ನಮ್ಮ ತಾಣದ ಒಂದು ಲೇಖನವನ್ನು, ವಿಚ್ಛೇದನಕ್ಕೆ ಅರ್ಜಿ ಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳ ಕುರಿತಾದದ್ದನ್ನು, ಓದಿದ್ದರು. ಮರುದಿನದಿಂದಲೇ ಅದೇ ಕಂಪ್ಯೂಟರಿನಲ್ಲಿ ಸುದ್ದಿ ಓದಲು ಹೋದರೂ ಅಡುಗೆಯ ವಿಧಾನ ಹುಡುಕಿದರೂ ಪಕ್ಕದಲ್ಲಿ ವಿಚ್ಛೇದನದ ವಕೀಲರ ಜಾಹೀರಾತುಗಳು ಕಾಣಿಸಿಕೊಳ್ಳತೊಡಗಿದವು. ಅವು ಅವರ ಪತಿಯ ಕಣ್ಣಿಗೂ ಬಿದ್ದವು. "ನಾನು ನಿಮ್ಮ ತಾಣದಲ್ಲಿ ಯಾವುದಕ್ಕೂ ಒಪ್ಪಿಗೆ ಕೊಡಲಿಲ್ಲ. ಕೆಳಗೆ ಬಂದ ಪಟ್ಟಿಯನ್ನು ಮುಟ್ಟದೆ ಲೇಖನ ಓದಿ ಹೊರಟೆ" ಎಂದು ಅವರು ಬರೆದಿದ್ದರು. ಪತ್ರದಲ್ಲಿ ಬೈಗುಳವಾಗಲೀ ಬೆದರಿಕೆಯಾಗಲೀ ಇರಲಿಲ್ಲ. ಹೀಗಾಗಲು ಹೇಗೆ ಸಾಧ್ಯ ಎಂಬ ಪ್ರಶ್ನೆಯಷ್ಟೇ ಇತ್ತು.

ಕುಕಿಗಳಿಗೆ, ಅಂದರೆ ತಾಣಗಳು ಓದುಗರ ಬ್ರೌಸರ್‌ನಲ್ಲಿ ಇಡುವ ಪುಟ್ಟ ಗುರುತುಗಳಿಗೆ, ಒಪ್ಪಿಗೆ ಕೇಳುವ ಆ ಪಟ್ಟಿಯನ್ನು (ಬ್ಯಾನರ್) ತಾಣದಲ್ಲಿ ಹಾಕಿದವನು ನಾನೇ ಆಗಿದ್ದರಿಂದ ಪತ್ರವನ್ನು ಎರಡು ಬಾರಿ ಓದಿದೆ. ಪಟ್ಟಿ ಇದೆ, "ಒಪ್ಪುತ್ತೇನೆ" ಎಂಬ ಗುಂಡಿ ಇದೆ, ಆದ್ದರಿಂದ ನಿಯಮ ಪಾಲನೆಯಾಗಿದೆ ಎಂದೇ ಅಲ್ಲಿಯವರೆಗೆ ನಂಬಿಕೊಂಡಿದ್ದೆ. ಗುಂಡಿ ಒತ್ತುವ ಮೊದಲು ಏನಾಗುತ್ತಿದೆ ಎಂಬುದನ್ನು ಒಮ್ಮೆಯೂ ನೋಡಿರಲಿಲ್ಲ.

ನೋಡುವುದು ಕಷ್ಟದ ಕೆಲಸವೇನೂ ಅಲ್ಲ. ಬ್ರೌಸರ್‌ನಲ್ಲಿ ಹಳೆಯ ಗುರುತುಗಳಿಲ್ಲದ ಖಾಸಗಿ ಕಿಟಕಿಯೊಂದನ್ನು ತೆರೆದು, ಪುಟದ ಒಳಗಿನ ಕೆಲಸವನ್ನು ತೋರಿಸುವ ಡೆವಲಪರ್ ಟೂಲ್ಸ್ ಬಿಡಿಸಿಕೊಂಡು, ಆಮೇಲೆ ತಾಣದ ವಿಳಾಸ ಹಾಕಿದರಾಯಿತು. ಇಟ್ಟ ಕುಕಿಗಳ ಪಟ್ಟಿ ಕ್ರೋಮ್‌ನಲ್ಲಿ 'ಅಪ್ಲಿಕೇಶನ್' ಎಂಬ ವಿಭಾಗದಲ್ಲೂ ಫೈರ್‌ಫಾಕ್ಸ್‌ನಲ್ಲಿ 'ಸ್ಟೋರೇಜ್' ಎಂಬಲ್ಲೂ ಸಿಗುತ್ತದೆ. ನಾನು ಅದೇ ವಿಚ್ಛೇದನದ ಲೇಖನವನ್ನು ತೆರೆದು ಮೌಸನ್ನು ಮುಟ್ಟದೆ ಕುಳಿತೆ. ಸಮ್ಮತಿಯ ಪಟ್ಟಿ ಮೇಲೇಳುವ ಹೊತ್ತಿಗೆ ಹದಿನಾಲ್ಕು ಕುಕಿಗಳು ಬಂದು ಕುಳಿತಿದ್ದವು. ಅವುಗಳಲ್ಲಿ ಐದು ಮಾತ್ರ ನಮ್ಮ ಸರ್ವರ್ ಇಟ್ಟವು. ಉಳಿದವು ಭೇಟಿಗಳನ್ನು ಎಣಿಸುವ ಸಾಧನ, ಜಾಹೀರಾತಿನ ಪಿಕ್ಸೆಲ್ (ಪುಟ ತೆರೆದವರ ಸುದ್ದಿಯನ್ನು ಜಾಹೀರಾತು ಸಂಸ್ಥೆಗೆ ತಿಳಿಸುವ ಕಾಣದ ತುಣುಕು), ಪುಟದ ಮೂಲೆಯ ಚಾಟ್ ಪೆಟ್ಟಿಗೆ, ಲೇಖನದ ನಡುವೆ ಕೂರಿಸಿದ್ದ ವಿಡಿಯೊ, ಕಚೇರಿಗೆ ದಾರಿ ತೋರಿಸುವ ನಕ್ಷೆ ಇವುಗಳಿಂದ ಬಂದಿದ್ದವು. ಪಕ್ಕದ 'ನೆಟ್‌ವರ್ಕ್' ವಿಭಾಗಕ್ಕೆ ಹೋದಾಗ ನನಗೆ ನಿಜವಾಗಿ ಕೈ ತಣ್ಣಗಾಯಿತು. ಜಾಹೀರಾತಿನ ಪಿಕ್ಸೆಲ್ ಕಳುಹಿಸಿದ ಮನವಿಯ ಒಳಗೆ, ಆ ಬ್ರೌಸರನ್ನು ಗುರುತಿಸುವ ಸಂಖ್ಯೆಯ ಜೊತೆಯಲ್ಲಿಯೇ, ಪುಟದ ಪೂರ್ಣ ವಿಳಾಸವೂ ಶೀರ್ಷಿಕೆಯೂ ಇದ್ದವು. ನಮ್ಮ ಪುಟಗಳ ವಿಳಾಸಗಳು ಓದಿದ ಕೂಡಲೇ ಅರ್ಥವಾಗುವಂತಿರಬೇಕು ಎಂದು ನಾವೇ ಹಟ ಹಿಡಿದು ಬರೆದಿದ್ದೆವು. ಹೀಗಾಗಿ ಯಾರು ವಿಚ್ಛೇದನದ ಬಗ್ಗೆ ಓದುತ್ತಿದ್ದಾರೆ, ಯಾರು ಜಾಮೀನಿನ ಬಗ್ಗೆ, ಯಾರು ದಿವಾಳಿತನದ ಬಗ್ಗೆ ಎಂಬುದು ಹೊರಗಿನವರಿಗೆ ಅಷ್ಟೇ ಸ್ಪಷ್ಟವಾಗಿ ಹೋಗುತ್ತಿತ್ತು.

ಆ ಮಹಿಳೆ ಕಂಡ ಜಾಹೀರಾತುಗಳಿಗೆ ನಮ್ಮ ತಾಣವೇ ಕಾರಣ ಎಂದು ರುಜುವಾತು ಮಾಡುವ ದಾರಿ ನಮಗಿರಲಿಲ್ಲ. ಅವರು ಅದೇ ವಿಷಯವನ್ನು ಬೇರೆಡೆಯೂ ಹುಡುಕಿರಬಹುದು. ಆದರೆ ಅದಕ್ಕೆ ಬೇಕಾದ ಸಾಮಗ್ರಿಯನ್ನು ನಾವು ಅವರ ಅನುಮತಿಯಿಲ್ಲದೆ ಒದಗಿಸಿದ್ದೆವು ಎನ್ನುವುದರಲ್ಲಿ ಸಂಶಯ ಉಳಿದಿರಲಿಲ್ಲ. ಹಿರಿಯ ವಕೀಲರಿಗೆ ನಾನು ಕೊಟ್ಟ ಮೊದಲ ಉತ್ತರ ಒಂದೇ ಸಾಲಿನದು: "ಮೇಡಂ, ಅವರು ಬರೆದಿರುವುದು ನಿಜ."

ಅವರು ನನ್ನನ್ನು ಕೋಣೆಗೆ ಕರೆಸಿಕೊಂಡು ಕುಕಿ ಎಂದರೇನು ಎಂದು ಮೊದಲಿನಿಂದ ಹೇಳುವಂತೆ ಕೇಳಿದರು. ನಾನು ವಿವರಿಸಿದ್ದು ಹೀಗೆ. ಬ್ರೌಸರ್ ಒಂದು ಪುಟವನ್ನು ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಸರ್ವರ್‌ಗೆ ಆ ಭೇಟಿ ಮರೆತುಹೋಗುತ್ತದೆ. ಮುಂದಿನ ಪುಟ ಕೇಳುವವರು ಅದೇ ವ್ಯಕ್ತಿಯೇ ಎಂದು ಅದಕ್ಕೆ ತಿಳಿಯುವುದಿಲ್ಲ. ಈ ಮರೆವಿಗೆ ಪರಿಹಾರವಾಗಿ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಕುಕಿಯನ್ನು ರೂಪಿಸಿದರು. ಸರ್ವರ್ ಒಂದು ಸಣ್ಣ ಚೀಟಿಯನ್ನು ಬ್ರೌಸರ್‌ನ ಕೈಗೆ ಕೊಡುತ್ತದೆ, ಬ್ರೌಸರ್ ಮುಂದಿನ ಸಲ ಬರುವಾಗ ಅದನ್ನು ತೋರಿಸುತ್ತದೆ. ಖರೀದಿಯ ಬುಟ್ಟಿಯಲ್ಲಿಟ್ಟ ಸಾಮಾನು ಪುಟ ಬದಲಾಯಿಸಿದರೂ ಉಳಿಯಲು ಇಷ್ಟು ಸಾಕು. ತೊಡಕು ಹುಟ್ಟುವುದು ಒಂದೇ ಪುಟದೊಳಗೆ ಹಲವು ಸಂಸ್ಥೆಗಳ ತುಣುಕುಗಳು ಸೇರಿಕೊಂಡಾಗ. ನಮ್ಮ ಪುಟದಲ್ಲಿ ಕುಳಿತ ಪಿಕ್ಸೆಲ್ ಬೇರೆ ಸಾವಿರಾರು ತಾಣಗಳಲ್ಲೂ ಕುಳಿತಿರುತ್ತದೆ. ಎಲ್ಲ ಕಡೆಯೂ ಅದು ಒಂದೇ ಚೀಟಿಯನ್ನು ಓದಿದರೆ, ಒಬ್ಬ ವ್ಯಕ್ತಿಯ ಓಡಾಟವೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತಾಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕೋಣೆಗೆ ಬಂದು ಕುಳಿತವರು ಹೇಳಿದ್ದನ್ನು ನಾವು ಯಾರಿಗೂ ಹೇಳುವುದಿಲ್ಲ. ಬಾಗಿಲವರೆಗೆ ಬಂದು ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಾ ನಿಂತವರ ಬಗ್ಗೆ ಬೀದಿಗೆಲ್ಲ ಸಾರುತ್ತಿದ್ದೇವೆ, ಅಲ್ಲವೇ?" ಎಂದರು. ಈ ಕೆಲಸ ಮುಗಿಯುವವರೆಗೂ ನನಗೆ ದಾರಿ ತೋರಿಸಿದ್ದು ಆ ಮಾತು. ವಕೀಲ ವೃತ್ತಿಯಲ್ಲಿ ಗೌಪ್ಯತೆಯ ಹೊಣೆ ವಕಾಲತ್ತಿಗೆ ಸಹಿ ಬಿದ್ದ ಮೇಲಷ್ಟೇ ಶುರುವಾಗುವುದಿಲ್ಲ ಎಂದು ಅವರು ಹೇಳಿದರು. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳಲ್ಲಿ 1.18ನೆಯದು, ಸಲಹೆ ಕೇಳಲು ಬಂದು ಕೊನೆಗೆ ಕಕ್ಷಿದಾರರಾಗದೆ ಹೋದವರಿಂದ ತಿಳಿದ ಮಾಹಿತಿಯನ್ನೂ ವಕೀಲರು ಕಾಪಾಡಬೇಕು ಎನ್ನುತ್ತದೆ. ತಾಣದ ಲೇಖನ ಓದಿದ ಮಾತ್ರಕ್ಕೆ ಯಾರೂ ಆ ನಿಯಮದ ಅರ್ಥದಲ್ಲಿ ಸಲಹೆ ಕೇಳಿದಂತಾಗುವುದಿಲ್ಲ, ನಿಜ. ಆದರೂ ಬಟ್ಟೆ ಮಾರುವ ತಾಣದಲ್ಲಿ ಅಂಗಿಯ ಪುಟ ನೋಡಿದ್ದು ಹೊರಗೆ ತಿಳಿಯುವುದಕ್ಕೂ, ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೋರುವ ಬಗೆಯನ್ನು ಓದಿದ್ದು ಹೊರಗೆ ತಿಳಿಯುವುದಕ್ಕೂ ಇರುವ ಅಂತರವನ್ನು ಯಾವ ನಿಯಮವೂ ಹೇಳಿಕೊಡಬೇಕಾಗಿಲ್ಲ.

ಮೊದಲು ಮಾಡಿದ್ದು ಲೆಕ್ಕ ಪಟ್ಟಿ. ಪ್ರತಿಯೊಂದು ಕುಕಿಯ ಹೆಸರು, ಇಡುವವರು, ಉದ್ದೇಶ, ಆಯುಷ್ಯ, ಅದಿಲ್ಲದಿದ್ದರೆ ಏನು ಕೆಡುತ್ತದೆ, ಸಂಸ್ಥೆಯಲ್ಲಿ ಅದು ಬೇಕೆಂದು ಕೇಳಿದವರು ಯಾರು ಎಂದು ಆರು ಕಾಲಂಗಳನ್ನು ಹಾಕಿದೆ. ಕೊನೆಯ ಕಾಲಮ್ಮನ್ನು ತುಂಬಲು ನಾಲ್ಕು ದಿನ ಹಿಡಿಯಿತು, ಮತ್ತು ಅತಿ ಹೆಚ್ಚು ಪ್ರಯೋಜನವಾದದ್ದೂ ಅದರಿಂದಲೇ. ಜಾಹೀರಾತಿನ ಪಿಕ್ಸೆಲನ್ನು ಮೂರು ವರ್ಷದ ಹಿಂದೆ ನಡೆಸಿದ ಒಂದು ಪ್ರಚಾರಕ್ಕಾಗಿ ಹೊರಗಿನ ಏಜೆನ್ಸಿಯೊಂದು ಹಾಕಿತ್ತು. ಪ್ರಚಾರ ಆರು ವಾರಗಳಲ್ಲಿ ಮುಗಿದಿತ್ತು, ಪಿಕ್ಸೆಲ್ ಮಾತ್ರ ಉಳಿದಿತ್ತು. ಚಾಟ್ ಪೆಟ್ಟಿಗೆಗೆ ಉತ್ತರಿಸುತ್ತಿದ್ದ ಸಹೋದ್ಯೋಗಿ ಕೆಲಸ ಬಿಟ್ಟು ವರ್ಷವಾಗಿತ್ತು. ಅಂದರೆ ಯಾರೂ ಓದದ ಪೆಟ್ಟಿಗೆಯೊಂದು ಬಂದವರ ಗುರುತನ್ನು ಮಾತ್ರ ಬರೆದಿಟ್ಟುಕೊಳ್ಳುತ್ತಿತ್ತು. ಎರಡನ್ನೂ ಅದೇ ದಿನ ಕಿತ್ತುಹಾಕಿದೆವು. ಸಮ್ಮತಿ ಕೇಳುವ ವ್ಯವಸ್ಥೆಯನ್ನು ಕಟ್ಟುವ ಮುನ್ನ ಯಾವುದಕ್ಕೆ ಸಮ್ಮತಿ ಬೇಕು ಎಂದು ನೋಡಬೇಕು, ಅದಕ್ಕೂ ಮುನ್ನ ಯಾವುದು ಬೇಡವೇ ಬೇಡ ಎಂದು ನೋಡಬೇಕು. ಹೆಚ್ಚಿನವರು, ನಾನೂ ಸೇರಿದಂತೆ, ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ಪಟ್ಟಿಯನ್ನು ಅಂಟಿಸುತ್ತೇವೆ.

ಕುಕಿಗಳನ್ನಷ್ಟೇ ಲೆಕ್ಕ ಹಾಕಿದ್ದರೆ ಪಟ್ಟಿ ಅರ್ಧವೇ ಆಗುತ್ತಿತ್ತು. ಬ್ರೌಸರ್‌ನ ಲೋಕಲ್ ಸ್ಟೋರೇಜ್ ಎಂಬ ಮತ್ತೊಂದು ಜಾಗದಲ್ಲಿ ವಿಡಿಯೊದ ಸಾಧನ ತನ್ನದೇ ಗುರುತನ್ನು ಇಟ್ಟುಕೊಂಡಿತ್ತು. ನಮ್ಮ ಕಕ್ಷಿದಾರರಲ್ಲಿ ಯುರೋಪಿನವರೂ ಇರುವುದರಿಂದ ಅಲ್ಲಿನ ಕಾನೂನನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ ಎಂದು ತೀರ್ಮಾನವಾಗಿತ್ತು. ಯುರೋಪಿಯನ್ ಒಕ್ಕೂಟದ 2002ರ ಇ-ಪ್ರೈವೆಸಿ ನಿರ್ದೇಶನದ 5(3)ನೇ ವಿಧಿ, ಜನ ಕುಕಿ ಕಾನೂನು ಎಂದು ಕರೆಯುವಂಥದ್ದು, ಕುಕಿ ಎಂಬ ಪದವನ್ನು ಬಳಸುವುದೇ ಇಲ್ಲ. ಬಳಕೆದಾರರ ಸಾಧನದಲ್ಲಿ ಮಾಹಿತಿಯನ್ನು ಇಡುವುದು ಅಥವಾ ಅಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ನೋಡುವುದು ಎಂಬಷ್ಟು ವಿಶಾಲವಾಗಿ ಅದು ಮಾತನಾಡುತ್ತದೆ. ಕುಕಿಯ ಬದಲು ಬೇರೆ ಕಪಾಟಿನಲ್ಲಿಟ್ಟ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. 2009ರ ತಿದ್ದುಪಡಿಯಿಂದ ಆ ವಿಧಿ ಮೊದಲೇ ಸಮ್ಮತಿ ಪಡೆಯುವುದನ್ನು ಕಡ್ಡಾಯಗೊಳಿಸಿತು. 2018ರ ಮೇ 25ರಿಂದ ಜಾರಿಗೆ ಬಂದ ಜಿಡಿಪಿಆರ್, ಅಂದರೆ ಒಕ್ಕೂಟದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು, ಸಮ್ಮತಿ ಎಂದರೆ ಏನು ಎಂಬುದಕ್ಕೆ ಬಿಗಿಯಾದ ಅರ್ಥ ಕೊಟ್ಟಿತು. ಅದು ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ವಿಷಯ ತಿಳಿದು ಕೊಟ್ಟದ್ದಾಗಿರಬೇಕು, ಸಂದೇಹಕ್ಕೆ ಎಡೆಯಿಲ್ಲದಂತಿರಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೆಚ್ಚುಕಡಿಮೆ ಇದೇ ಗುಣಗಳನ್ನು ಹೇಳಿ, ಜೊತೆಗೆ ಷರತ್ತಿಲ್ಲದ್ದಾಗಿರಬೇಕು ಎನ್ನುತ್ತದೆ.

5(3)ನೇ ವಿಧಿ ಎರಡು ವಿನಾಯಿತಿಗಳನ್ನು ಕೊಡುತ್ತದೆ. ಸಂದೇಶವನ್ನು ಜಾಲದ ಮೂಲಕ ಸಾಗಿಸುವುದಕ್ಕಷ್ಟೇ ಬೇಕಾದದ್ದಕ್ಕೆ, ಹಾಗೂ ಬಳಕೆದಾರರು ತಾವಾಗಿ ಕೇಳಿದ ಸೇವೆಯನ್ನು ಕೊಡಲು ಅತ್ಯಗತ್ಯವಾದದ್ದಕ್ಕೆ ಸಮ್ಮತಿ ಬೇಕಿಲ್ಲ. ನಮ್ಮಲ್ಲಿ ಅತಿ ದೀರ್ಘವಾದ ಚರ್ಚೆ ನಡೆದದ್ದು ಈ "ಅತ್ಯಗತ್ಯ" ಎಂಬ ಪದದ ಸುತ್ತ. ಸಂಪರ್ಕದ ಅರ್ಜಿಯನ್ನು ಬೇರೆಯವರು ನಕಲಿಯಾಗಿ ಸಲ್ಲಿಸದಂತೆ ತಡೆಯುವ ಕುಕಿ, ಕಕ್ಷಿದಾರರು ತಮ್ಮ ದಾಖಲೆಗಳನ್ನು ನೋಡಲು ಲಾಗಿನ್ ಆದಾಗ ಬೇಕಾಗುವ ಕುಕಿ, ಸಮ್ಮತಿಯ ಬಗ್ಗೆ ಅವರು ಮಾಡಿದ ಆಯ್ಕೆಯನ್ನು ನೆನಪಿಡುವ ಕುಕಿ ಇವುಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಭೇಟಿ ಎಣಿಸುವ ಸಾಧನದ ಬಗ್ಗೆ ಮಾತ್ರ ಒಬ್ಬ ಪಾಲುದಾರರು ಬಲವಾಗಿ ವಾದಿಸಿದರು. ಯಾವ ಲೇಖನವನ್ನು ಎಷ್ಟು ಜನ ಓದುತ್ತಾರೆ ಎಂದು ತಿಳಿಯದೆ ತಾಣವನ್ನು ನಡೆಸುವುದು ಹೇಗೆ, ಅದು ಸಂಸ್ಥೆಗೆ ಅತ್ಯಗತ್ಯವಲ್ಲವೇ ಎಂಬುದು ಅವರ ಪ್ರಶ್ನೆ. ಅವರ ಪ್ರಶ್ನೆಯಲ್ಲಿಯೇ ಉತ್ತರವೂ ಇತ್ತು: ಸಂಸ್ಥೆಗೆ ಅತ್ಯಗತ್ಯ ಎಂಬುದು ಅಳತೆಗೋಲಲ್ಲ, ಓದುಗರು ಕೇಳಿದ ಸೇವೆಗೆ ಅತ್ಯಗತ್ಯವೇ ಎಂಬುದು ಅಳತೆಗೋಲು. ಲೇಖನ ಓದಲು ಬಂದವರು ತಮ್ಮನ್ನು ಎಣಿಸಿ ಎಂದು ಕೇಳಿರುವುದಿಲ್ಲ. ಯುರೋಪಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರಗಳ ಕಾರ್ಯತಂಡ 2012ರಷ್ಟು ಹಿಂದೆಯೇ, ಎಣಿಕೆಯ ಕುಕಿಗಳಿಂದ ಅಪಾಯ ಕಡಿಮೆ ಇರಬಹುದಾದರೂ ಅವು ಈ ವಿನಾಯಿತಿಯೊಳಗೆ ಬರುವುದಿಲ್ಲ ಎಂದು ಅಭಿಪ್ರಾಯ ಕೊಟ್ಟಿತ್ತು. ಫ್ರಾನ್ಸಿನ ಪ್ರಾಧಿಕಾರವಾದ ಸಿಎನ್‌ಐಎಲ್ ಕೆಲವು ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಎಣಿಕೆಗೆ ರಿಯಾಯಿತಿ ಕೊಡುತ್ತದೆ. ನಮ್ಮಲ್ಲಿದ್ದ ಸಾಧನವನ್ನು ಹೊಂದಿಸಿದ್ದ ಬಗೆ ಆ ಷರತ್ತುಗಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಎಣಿಕೆಯನ್ನು ಸಮ್ಮತಿ ಬೇಕಾದವುಗಳ ಸಾಲಿಗೆ ಸೇರಿಸಿದೆವು.

ನಂತರ ಬಂದದ್ದು ಮಾತಿನ ಪ್ರಶ್ನೆ. ಹಳೆಯ ಪಟ್ಟಿಯಲ್ಲಿದ್ದ ವಾಕ್ಯ ನನಗೆ ಇಂದಿಗೂ ಬಾಯಿಪಾಠ: "ನಿಮ್ಮ ಅನುಭವವನ್ನು ಉತ್ತಮಗೊಳಿಸಲು ನಾವು ಕುಕಿಗಳನ್ನು ಬಳಸುತ್ತೇವೆ. ತಾಣವನ್ನು ಬಳಸುವುದನ್ನು ಮುಂದುವರಿಸಿದರೆ ನೀವು ಇದಕ್ಕೆ ಒಪ್ಪಿದಂತೆ." ಎರಡು ವಾಕ್ಯಗಳಲ್ಲಿ ಎರಡು ತಪ್ಪುಗಳಿದ್ದವು. ಅನುಭವ ಉತ್ತಮವಾಗುವುದು ಎಂದರೆ ಏನೆಂದು ಯಾರಿಗೂ ತಿಳಿಯುವುದಿಲ್ಲ. ಪಿಕ್ಸೆಲ್‌ನಿಂದ ಆ ಮಹಿಳೆಯ ಯಾವ ಅನುಭವ ಉತ್ತಮವಾಯಿತು? ಎರಡನೆಯದಾಗಿ, ಸುಮ್ಮನಿರುವುದು ಒಪ್ಪಿಗೆಯಲ್ಲ. ಜಿಡಿಪಿಆರ್‌ನ ಪೀಠಿಕೆಯ 32ನೇ ಟಿಪ್ಪಣಿ ಮೌನವನ್ನೂ, ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನೂ, ಏನೂ ಮಾಡದಿರುವುದನ್ನೂ ಸಮ್ಮತಿಯಾಗಿ ಒಪ್ಪುವುದಿಲ್ಲ. 2019ರ ಅಕ್ಟೋಬರ್ 1ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಪ್ಲಾನೆಟ್49 ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದು, ಕುಕಿ ಎಷ್ಟು ಕಾಲ ಇರುತ್ತದೆ ಮತ್ತು ಮೂರನೆಯವರಿಗೆ ಅದು ಸಿಗುತ್ತದೆಯೇ ಎಂಬುದನ್ನೂ ಬಳಕೆದಾರರಿಗೆ ತಿಳಿಸಬೇಕು ಎಂದಿತು. ಪುಟವನ್ನು ಕೆಳಗೆ ಸರಿಸುತ್ತಾ ಓದುವುದೂ ಒಪ್ಪಿಗೆಯಾಗುವುದಿಲ್ಲ ಎಂದು 2020ರಲ್ಲಿ ಯುರೋಪಿನ ದತ್ತಾಂಶ ಸಂರಕ್ಷಣಾ ಮಂಡಳಿಯ ಮಾರ್ಗಸೂಚಿ ಸ್ಪಷ್ಟಪಡಿಸಿತು.

ಹೊಸ ಮಾತುಗಳ ಮೊದಲ ಕರಡನ್ನು ಕಿರಿಯ ವಕೀಲರೊಬ್ಬರು ಬರೆದುಕೊಟ್ಟರು. ಅದು ದಸ್ತಾವೇಜಿನ ಭಾಷೆಯಲ್ಲಿತ್ತು: "ಸದರಿ ತಾಣದ ಬಳಕೆದಾರರು ಈ ಮೂಲಕ ತಮ್ಮ ಸಮ್ಮತಿಯನ್ನು ವ್ಯಕ್ತಪಡಿಸತಕ್ಕದ್ದು." ಕಾನೂನಿನ ದೃಷ್ಟಿಯಿಂದ ಅದರಲ್ಲಿ ಕೊರತೆ ಇರಲಿಲ್ಲವೇನೋ, ಆದರೆ ಆತಂಕದಲ್ಲಿ ಫೋನ್ ಹಿಡಿದು ಓದುತ್ತಿರುವವರಿಗೆ ಅದು ತಲುಪುವುದಿಲ್ಲ, ತಲುಪದ ಮಾತಿಗೆ ಕೊಟ್ಟ ಒಪ್ಪಿಗೆ ತಿಳಿದು ಕೊಟ್ಟದ್ದಾಗುವುದಿಲ್ಲ. ನಾವಿಬ್ಬರೂ ಕುಳಿತು ಏಳು ಸಲ ತಿದ್ದಿದೆವು. ಕೊನೆಗೆ ಉಳಿದದ್ದು ಇಷ್ಟು: "ಈ ತಾಣ ಸರಿಯಾಗಿ ಕೆಲಸ ಮಾಡಲು ಮೂರು ಕುಕಿಗಳು ಬೇಕು, ಅವು ಯಾವಾಗಲೂ ಇರುತ್ತವೆ. ಇದಲ್ಲದೆ, ಯಾವ ಪುಟಗಳನ್ನು ಜನ ಓದುತ್ತಾರೆ ಎಂದು ಎಣಿಸಲು ಹೊರಗಿನ ಸಂಸ್ಥೆಯೊಂದರ ಸಾಧನವನ್ನು ಬಳಸಲು ನಿಮ್ಮ ಅನುಮತಿ ಕೇಳುತ್ತಿದ್ದೇವೆ. ನೀವು ಬೇಡವೆಂದರೂ ಎಲ್ಲ ಪುಟಗಳನ್ನೂ ಓದಬಹುದು." ಕೊನೆಯ ವಾಕ್ಯವನ್ನು ಸೇರಿಸಬೇಕೆಂದು ಹೇಳಿದವರು ಸ್ವಾಗತ ಮೇಜಿನಲ್ಲಿ ಕೂರುವ ಸಹೋದ್ಯೋಗಿ. ಬೇಡವೆಂದರೆ ಲೇಖನ ಸಿಗುವುದಿಲ್ಲವೇನೋ ಎಂಬ ಭಯದಿಂದಲೇ ತಾವು ಎಲ್ಲ ತಾಣಗಳಲ್ಲಿ ಒಪ್ಪಿಬಿಡುತ್ತೇವೆ ಎಂದು ಅವರು ಹೇಳಿದಾಗ, ಏಳು ಕರಡುಗಳಲ್ಲಿ ನಮ್ಮಿಬ್ಬರಿಗೂ ಹೊಳೆಯದೇ ಹೋದದ್ದು ಏನೆಂದು ತಿಳಿಯಿತು.

ಗುಂಡಿಗಳ ವಿಷಯ ಬೇಗ ಇತ್ಯರ್ಥವಾಯಿತು. "ಅನುಮತಿಸುತ್ತೇನೆ" ಮತ್ತು "ಬೇಡ" ಎರಡೂ ಒಂದೇ ಪರದೆಯಲ್ಲಿ, ಒಂದೇ ಗಾತ್ರದಲ್ಲಿ, ಒಂದೇ ಬಣ್ಣದಲ್ಲಿ. ನಾವು ಕೊಂಡ ಸಮ್ಮತಿ ನಿರ್ವಹಣೆಯ ಸಾಧನ ತಾನಾಗಿ ಒದಗಿಸಿದ ವಿನ್ಯಾಸದಲ್ಲಿ ಒಪ್ಪುವುದಕ್ಕೆ ಹೊಳೆಯುವ ಗುಂಡಿಯೂ, ನಿರಾಕರಿಸುವುದಕ್ಕೆ "ಹೆಚ್ಚಿನ ಆಯ್ಕೆಗಳು" ಎಂಬ ಬೂದು ಬಣ್ಣದ ಅಕ್ಷರಗಳ ಹಿಂದೆ ಇನ್ನೊಂದು ಪರದೆಯೂ ಇದ್ದವು. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂಬ ಕಾರಣಕ್ಕೇ ಸಿಎನ್‌ಐಎಲ್ 2021ರ ಡಿಸೆಂಬರ್ 31ರ ತೀರ್ಮಾನಗಳಲ್ಲಿ ಗೂಗಲ್‌ಗೆ 15 ಕೋಟಿ ಯೂರೊ ಮತ್ತು ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿತ್ತು. ಆ ಮೊತ್ತ ಕೇಳಿದ ಮೇಲೆ ಪಾಲುದಾರರ ಸಭೆಯಲ್ಲಿ ಬಣ್ಣದ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಇಷ್ಟೂ ಕಾಗದದ ಮೇಲಿನ ಕೆಲಸ. ಗುಂಡಿ ಒತ್ತುವ ಮೊದಲು ಯಾವ ಹೊರಗಿನ ಸ್ಕ್ರಿಪ್ಟೂ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಮ್) ಓಡದಂತೆ ಮಾಡುವುದು ಬೇರೆಯೇ ಕೆಲಸ. ಹಳೆಯ ಪಟ್ಟಿ ಬರೀ ಬಣ್ಣದ ಕಾಗದವಾಗಿತ್ತು. ಅದರ ಗುಂಡಿಗೂ ಸ್ಕ್ರಿಪ್ಟುಗಳಿಗೂ ನಂಟೇ ಇರಲಿಲ್ಲ. ಈಗ ಎಣಿಕೆಯ ಸ್ಕ್ರಿಪ್ಟಿನ ಬಗೆಯನ್ನು ಸಾಮಾನ್ಯ ಪಠ್ಯ ಎಂದು ಬದಲಾಯಿಸಿದೆ. ಬ್ರೌಸರ್ ಅದನ್ನು ಓಡಿಸಬೇಕಾದ ಆದೇಶವೆಂದು ತಿಳಿಯದೆ ಹಾಗೆಯೇ ಬಿಡುತ್ತದೆ. ಅನುಮತಿ ಸಿಕ್ಕ ಮೇಲೆ ಸಮ್ಮತಿಯ ಸಾಧನ ಅದನ್ನು ಮತ್ತೆ ಸ್ಕ್ರಿಪ್ಟಾಗಿಸಿ ಓಡಿಸುತ್ತದೆ. ವಿಡಿಯೊ ಮತ್ತು ನಕ್ಷೆಗಳ ಜಾಗದಲ್ಲಿ ನಮ್ಮದೇ ಸರ್ವರ್‌ನಲ್ಲಿರುವ ಚಿತ್ರಗಳನ್ನಿಟ್ಟು, ಚಿತ್ರವನ್ನು ಒತ್ತಿದರೆ ಮಾತ್ರ ಹೊರಗಿನ ತಾಣದಿಂದ ವಿಡಿಯೊ ಬರುತ್ತದೆ ಎಂದು ಅದರ ಮೇಲೆಯೇ ಬರೆದೆ. ಅಕ್ಷರ ವಿನ್ಯಾಸದ ಫಾಂಟುಗಳನ್ನೂ ನಮ್ಮ ಸರ್ವರ್‌ಗೆ ತಂದುಕೊಂಡೆ. ಫಾಂಟು ಕುಕಿ ಇಡದಿದ್ದರೂ ಅದನ್ನು ಕೇಳಿದಾಗ ಓದುಗರ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಹೊರಗೆ ಹೋಗುತ್ತದೆ. ಹೊರಗಿನಿಂದ ತಂದ ಫಾಂಟಿನ ಕಾರಣಕ್ಕೆ 2022ರ ಜನವರಿಯಲ್ಲಿ ಮ್ಯೂನಿಕ್‌ನ ನ್ಯಾಯಾಲಯವೊಂದು ತಾಣದವರಿಂದ ಭೇಟಿ ನೀಡಿದವರಿಗೆ 100 ಯೂರೊ ಪರಿಹಾರ ಕೊಡಿಸಿತ್ತು.

ಪರೀಕ್ಷೆಯಲ್ಲಿ ಸಿಕ್ಕ ಅತಿ ದೊಡ್ಡ ದೋಷ ಸಮ್ಮತಿಯನ್ನು ಹಿಂಪಡೆಯುವ ಕಡೆಯದು. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಸಾಧ್ಯವಾಗಬೇಕು ಎಂದು ಜಿಡಿಪಿಆರ್‌ನ 7ನೇ ವಿಧಿ ಹೇಳುವುದರಿಂದ ಪ್ರತಿ ಪುಟದ ಅಡಿಯಲ್ಲೂ "ಕುಕಿ ಆಯ್ಕೆ ಬದಲಿಸಿ" ಎಂಬ ಕೊಂಡಿ ಇಟ್ಟಿದ್ದೆ. ಅನುಮತಿ ಕೊಟ್ಟು, ನಂತರ ಆ ಕೊಂಡಿಯಿಂದ ಹಿಂಪಡೆದು ನೋಡಿದರೆ, ಆಯ್ಕೆ ಬದಲಾಗಿದೆ ಎಂಬ ಸಂದೇಶ ಬಂದರೂ ಎಣಿಕೆಯ ಕುಕಿ ಅಲ್ಲಾಡದೆ ಕುಳಿತಿತ್ತು. ಕುಕಿಯನ್ನು ಅಳಿಸು ಎಂಬ ನೇರ ಆದೇಶ ಬ್ರೌಸರ್‌ನಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿಯಲ್ಲಿ ಇಲ್ಲ. ಅದೇ ಹೆಸರಿನ ಕುಕಿಯನ್ನು, ಈಗಾಗಲೇ ಮುಗಿದ ದಿನಾಂಕವೊಂದನ್ನು ಅವಧಿಯಾಗಿ ಕೊಟ್ಟು, ಮತ್ತೆ ಬರೆಯಬೇಕು. ಹೆಸರಷ್ಟೇ ಅಲ್ಲ, ಡೊಮೈನ್ (ಕುಕಿ ಯಾವ ತಾಣದ ಹೆಸರಿಗೆ ಸೇರಿದ್ದು) ಮತ್ತು ಪಾತ್ (ತಾಣದ ಯಾವ ಭಾಗಕ್ಕೆ ಸೇರಿದ್ದು) ಕೂಡ ಹೊಂದಬೇಕು. ಎಣಿಕೆಯ ಸಾಧನ ಕುಕಿಯನ್ನು ಇಡೀ ಡೊಮೈನಿಗೆ ಅನ್ವಯಿಸುವಂತೆ ಇಟ್ಟಿತ್ತು, ನಮ್ಮ ಸಾಧನ ಡೊಮೈನ್ ಹೇಳದೆ ಅಳಿಸಲು ಹೋಗುತ್ತಿತ್ತು. ಬ್ರೌಸರ್ ಇವೆರಡನ್ನೂ ಬೇರೆ ಬೇರೆ ಕುಕಿಗಳೆಂದು ತಿಳಿಯುತ್ತಿತ್ತು. ಇದನ್ನು ಹುಡುಕಲು ಒಂದೂವರೆ ದಿನ ಹೋಯಿತು, ಸರಿಪಡಿಸಲು ಒಂದು ಸಾಲು ಸಾಕಾಯಿತು. ಹೊರಗಿನ ಡೊಮೈನಿನ ಹೆಸರಿನಲ್ಲಿ ಇಟ್ಟ ಕುಕಿಗಳನ್ನಂತೂ ನಾವು ಅಳಿಸಲು ಸಾಧ್ಯವೇ ಇಲ್ಲ. ವಿಡಿಯೊ ನೋಡಿದವರು ತಮ್ಮ ಬ್ರೌಸರ್‌ನಿಂದ ತಾವೇ ಅಳಿಸಿಕೊಳ್ಳಬೇಕು ಎಂದು ವಿವರದ ಪುಟದಲ್ಲಿ ಸ್ಪಷ್ಟವಾಗಿ ಬರೆದೆವು.

ಆ ವಿವರದ ಪುಟ ಬರೆಯುವಾಗ ಆಯುಷ್ಯದ ಬಗ್ಗೆಯೂ ಒಂದು ಗೊಂದಲ ಬಂತು. ಭೇಟಿ ಎಣಿಸುವ ಗೂಗಲ್ ಅನಲಿಟಿಕ್ಸ್‌ನಂಥ ಸಾಧನದ ಮುಖ್ಯ ಕುಕಿಗೆ ಮೂಲದಲ್ಲಿ ಎರಡು ವರ್ಷದ ಅವಧಿ ಇರುತ್ತದೆ, ಆದರೆ 2022ರಿಂದ ಕ್ರೋಮ್ ಯಾವ ಕುಕಿಗೂ 400 ದಿನಕ್ಕಿಂತ ಹೆಚ್ಚು ಆಯುಷ್ಯ ಕೊಡುವುದಿಲ್ಲ. ಹಾಗಾದರೆ ನಾವು ಏನೆಂದು ಬರೆಯಬೇಕು? ನಮ್ಮ ಎಣಿಕೆಯ ಕುಕಿಯ ಅವಧಿಯನ್ನು ನಾವೇ ಆರು ತಿಂಗಳಿಗೆ ಇಳಿಸಿ ಆ ಗೊಂದಲವನ್ನು ಮುಗಿಸಿದೆವು.

ಸಮ್ಮತಿ ಸಿಕ್ಕಿತ್ತೆಂದು ತೋರಿಸುವ ಹೊಣೆ ತಾಣದವರದೇ. ಅದಕ್ಕಾಗಿ ದಾಖಲೆ ಇಡಬೇಕು, ಆದರೆ ಎಂಥ ದಾಖಲೆ? ಸಾಕ್ಷ್ಯದ ಬಗ್ಗೆ ಸಹಜವಾಗಿಯೇ ಕಾಳಜಿಯಿರುವ ವಕೀಲರೊಬ್ಬರು ಪೂರ್ಣ ಐಪಿ ವಿಳಾಸ, ಬ್ರೌಸರ್‌ನ ವಿವರ, ಓದುತ್ತಿದ್ದ ಪುಟ ಎಲ್ಲವನ್ನೂ ಇಡಬೇಕೆಂದರು. ಹಾಗೆ ಮಾಡಿದ್ದರೆ "ಬೇಡ" ಎಂದವರ ಬಗ್ಗೆಯೂ, ಅವರು ಬೇಡವೆಂದ ಕಾರಣಕ್ಕಾಗಿಯೇ, ಹೊಸದೊಂದು ಕಡತ ತೆರೆದಂತಾಗುತ್ತಿತ್ತು. ನಾನು ಇದಕ್ಕೆ ಒಪ್ಪಲಿಲ್ಲ. ಹಿರಿಯ ವಕೀಲರು ಎರಡೂ ಕಡೆಯ ವಾದ ಕೇಳಿ, ಯಾದೃಚ್ಛಿಕ ಸಂಖ್ಯೆಯೊಂದು, ಸಮಯ, ಮಾಡಿದ ಆಯ್ಕೆ, ಆಗ ತೋರಿಸಿದ ಪಠ್ಯದ ಆವೃತ್ತಿ ಇಷ್ಟು ಸಾಕು, ಪುಟದ ವಿಳಾಸ ಯಾವ ಕಾರಣಕ್ಕೂ ಬೇಡ ಎಂದರು. ಪಠ್ಯದ ಆವೃತ್ತಿಯನ್ನು ಇಡಬೇಕೆಂದು ನನಗೆ ತೋಚಿರಲೇ ಇಲ್ಲ. ಯಾವ ಮಾತಿಗೆ ಒಪ್ಪಿದರು ಎಂದು ತೋರಿಸಲಾಗದಿದ್ದರೆ ಒಪ್ಪಿದರು ಎಂಬುದಕ್ಕೆ ಬೆಲೆ ಏನು ಎಂದು ಅವರು ಕೇಳಿದರು.

ತಾಣ ಹೊಸ ರೂಪದಲ್ಲಿ ನಡೆಯತೊಡಗಿದ ಎರಡನೆಯ ವಾರ ಮತ್ತೊಂದು ದೂರು ಬಂತು, ಈ ಸಲ ನಮ್ಮವರಿಂದಲೇ. "ಬೇಡ" ಎಂದವರ ಆಯ್ಕೆಯನ್ನೂ ಒಪ್ಪಿದವರದರಂತೆಯೇ ಆರು ತಿಂಗಳು ನೆನಪಿಡಬೇಕು, ಮತ್ತೆ ಮತ್ತೆ ಕೇಳಿ ಸುಸ್ತು ಮಾಡಿ ಒಪ್ಪಿಸಬಾರದು ಎಂದು ತೀರ್ಮಾನಿಸಿದ್ದೆವು. ಆದರೆ ಐಫೋನ್ ಬಳಸುವ ಸಹೋದ್ಯೋಗಿಗಳಿಗೆ ವಾರ ಕಳೆದ ಕೂಡಲೇ ಪಟ್ಟಿ ಮತ್ತೆ ಕಾಣಿಸುತ್ತಿತ್ತು. ಪುಟದೊಳಗಿನ ಸ್ಕ್ರಿಪ್ಟ್ ಇಟ್ಟ ಕುಕಿಗಳಿಗೆ ಐಫೋನಿನ ಬ್ರೌಸರ್ ಆದ ಸಫಾರಿ ಏಳು ದಿನಗಳಿಗಿಂತ ಹೆಚ್ಚು ಆಯುಷ್ಯ ಕೊಡುವುದಿಲ್ಲ ಎಂಬುದು ಕಾರಣ. ಜನರ ಹಿಂದೆ ಬೀಳುವವರನ್ನು ತಡೆಯಲು ಮಾಡಿದ ಆ ಏರ್ಪಾಟು, ಹಿಂದೆ ಬೀಳಬೇಡಿ ಎಂದು ಹೇಳಿದವರ ಮಾತನ್ನೂ ವಾರದಲ್ಲಿ ಅಳಿಸಿಹಾಕುತ್ತಿತ್ತು. ಆಯ್ಕೆಯನ್ನು ನಮ್ಮ ಸರ್ವರ್‌ಗೆ ಕಳುಹಿಸಿ, ಸರ್ವರ್‌ನ ಉತ್ತರದ ಮೂಲಕವೇ ಕುಕಿ ಇಡುವಂತೆ ಬದಲಾಯಿಸಿದ ಮೇಲೆ ಅದು ನಿಂತಿತು.

ಎಣಿಕೆಯ ಅಂಕಿಗಳು ಕುಸಿದವು, ಕುಸಿಯಲೇಬೇಕಿತ್ತು. ಪಾಲುದಾರರು ಆತಂಕಗೊಂಡಾಗ, ಓದುಗರು ಕಡಿಮೆಯಾಗಿಲ್ಲ, ಎಣಿಸಲು ಬಿಟ್ಟವರು ಮಾತ್ರ ಕಡಿಮೆಯಾಗಿದ್ದಾರೆ ಎಂದು ವಿವರಿಸಿದೆ. ಸಂಪರ್ಕದ ಅರ್ಜಿಗಳು ಮೊದಲಿನಂತೆಯೇ ಬರುತ್ತಿದ್ದವು.

ಪತ್ರ ಬರೆದ ಮಹಿಳೆಗೆ ಹೋದ ಉತ್ತರವನ್ನು ಹಿರಿಯ ವಕೀಲರೇ ಬರೆದರು. ತಾಂತ್ರಿಕ ಸಂಗತಿಗಳನ್ನಷ್ಟೇ ನಾನು ಒದಗಿಸಿದೆ. "ನೀವು ಒಪ್ಪಿಗೆ ಕೊಡದಿದ್ದರೂ ನೀವು ಓದಿದ ಪುಟದ ವಿಳಾಸ ನಮ್ಮ ತಾಣದಿಂದ ಹೊರಗಿನ ಸಂಸ್ಥೆಗಳಿಗೆ ಹೋಗಿದೆ. ಅದು ನಮ್ಮ ತಪ್ಪು" ಎಂದು ಮೊದಲ ಸಾಲಿನಲ್ಲಿಯೇ ಇತ್ತು. ಆ ಕಂಪ್ಯೂಟರಿನ ಬ್ರೌಸರ್‌ನಿಂದ ಕುಕಿಗಳನ್ನು ಅಳಿಸುವುದು ಹೇಗೆ, ಅಳಿಸಿದರೂ ಹೊರಗಿನ ಸಂಸ್ಥೆಯಲ್ಲಿ ಈಗಾಗಲೇ ಉಳಿದದ್ದನ್ನು ಅಳಿಸುವಂತೆ ಕೇಳುವುದು ಹೇಗೆ, ಮುಂದೆ ಇಂಥದ್ದನ್ನು ಹಂಚಿಕೊಂಡ ಕಂಪ್ಯೂಟರಿನಲ್ಲಿ ಓದಬೇಕಾದರೆ ಖಾಸಗಿ ಕಿಟಕಿಯಿಂದ ಸಿಗುವ ರಕ್ಷಣೆ ಎಷ್ಟು, ಸಿಗದಿರುವುದು ಎಷ್ಟು ಎಂಬುದನ್ನು ಬಿಡಿಸಿ ಬರೆಯಲಾಗಿತ್ತು. ಇಷ್ಟು ಬರೆದರೆ ಹೊಣೆ ಒಪ್ಪಿಕೊಂಡಂತಾಗುತ್ತದೆ ಎಂದು ಒಬ್ಬರು ಎಚ್ಚರಿಸಿದಾಗ ಹಿರಿಯ ವಕೀಲರು, "ಹೌದು, ಒಪ್ಪಿಕೊಳ್ಳುತ್ತಿದ್ದೇವೆ" ಎಂದು ಹೇಳಿ ಸಹಿ ಹಾಕಿದರು.

ಅಂದಿನಿಂದ ಪ್ರತಿ ತಿಂಗಳ ಮೊದಲ ಕೆಲಸದ ದಿನ ನಾನು ಖಾಸಗಿ ಕಿಟಕಿಯೊಂದನ್ನು ತೆರೆದು, ತಾಣದ ಇಪ್ಪತ್ತು ಪುಟಗಳನ್ನು ಏನನ್ನೂ ಒತ್ತದೆ ಒಂದೊಂದಾಗಿ ನೋಡುತ್ತೇನೆ. ಮೂರು ಕುಕಿಗಳಿರಬೇಕು, ಹೊರಗಿನ ಯಾವ ವಿಳಾಸಕ್ಕೂ ಮನವಿ ಹೋಗಬಾರದು. ಕಳೆದ ತಿಂಗಳು ಹೊಸ ಲೇಖನವೊಂದರಲ್ಲಿ ಐದು ಕಂಡವು. ವಿಚಾರಸಂಕಿರಣದ ವಿಡಿಯೊವನ್ನು ಲೇಖಕರು ಹಳೆಯ ರೂಢಿಯಂತೆ ನೇರವಾಗಿ ಪುಟಕ್ಕೆ ಅಂಟಿಸಿದ್ದರು. ಅದನ್ನು ತೆಗೆದು ಚಿತ್ರ ಹಾಕಿದೆ, ಎಲ್ಲ ಲೇಖಕರಿಗೂ ಕ್ರಮವನ್ನು ಮತ್ತೊಮ್ಮೆ ಬರೆದು ಕಳುಹಿಸಿದೆ. ಆ ಲೇಖನ ಪ್ರಕಟವಾಗಿ ಹನ್ನೊಂದು ದಿನಗಳಾಗಿದ್ದವು. ತಿಂಗಳಿಗೊಮ್ಮೆ ನೋಡುವುದು ಸಾಲದೆಂದು ಈಗ ಪುಟ ಪ್ರಕಟವಾಗುವ ಮುನ್ನವೇ ಇದೇ ಪರೀಕ್ಷೆ ತಾನಾಗಿ ನಡೆಯುವಂತೆ ಮಾಡುತ್ತಿದ್ದೇನೆ.